ರಿಮೋಟಿನ ಹೊಟ್ಟೆಯಲ್ಲಿ ಗಾಡಿ ಕೀಲಿ

ನಮ್ಮ ಆಡೂರಿನ ಉಳಿವೆಪ್ಪ ಕಾಕಾನ ಮೋಟರ್ ಸೈಕಲ್ಲನ್ನು ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರೂ ಕದ್ದಿರಲಿಲ್ಲ. ಅವಕಾಶ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು. ಅದರ ಕೀಲಿ ಬಾಗಿಲ ಚೌಕಟ್ಟಿನ ಮೊಳೆಗೆ ತೂಗಾಡುತ್ತಿತ್ತು. ಬೇಕಾದವರು ಬಂದು "ಕಾಕಾ, ಹಾನಗಲ್ಲಿಗೆ ಹೋಗಿ ಬರ್ತೇನ್ರಿ" ಎಂದು ಕೂಗಿ, ಒಳಗಿಂದ "ಹೂಂ" ಬರುವುದರೊಳಗೆ ಗಾಡಿ ಒಯ್ಯುತ್ತಿದ್ದರು. ಕೇಳಿದರೆ ಸಿಗುವ ವಸ್ತುವನ್ನು ಕದಿಯುವಷ್ಟು ದಡ್ಡರು ನಮ್ಮ ಊರಲ್ಲಿಲ್ಲ. ನಾನು ಗಾಡಿ ಹೊಡೆಯಲು ಕಲಿತದ್ದು ಅದರ ಮೇಲೆ. ನಾನು ಮಾಸ್ತರಿಕೆಯ ಆರ್ಡರ್ ತರಲು ಹಾವೇರಿಗೆ ಹೋದದ್ದೂ ಅದರ ಮೇಲೆಯೇ.

ಕಾಕಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ನಿವೃತ್ತನಾಗಿ ಎರಡು ವರ್ಷವಾದರೂ ಊರಿಗೆ ಅವನು ಡಾಕ್ಟರೇ. ಅವನ ಟೂ ಸ್ಟ್ರೋಕ್ ಗಾಡಿಯ ಸದ್ದು ಸುತ್ತಲ ಹತ್ತು ಹಳ್ಳಿಯ ಎಮ್ಮೆಗಳಿಗೆ ಪರಿಚಯ. ಗಾಡಿ ಊರ ಅಗಸಿ ಬಾಗಿಲು ದಾಟುವ ಮೊದಲೇ, ಒಮ್ಮೆ ಸೂಜಿ ಚುಚ್ಚಿಸಿಕೊಂಡ ಎಮ್ಮೆಗಳು ಕಣ್ಣಿ ಹರಿದುಕೊಂಡು ಹಿತ್ತಲು ಸೇರುತ್ತಿದ್ದವು. ಎಮ್ಮೆ ಓಡಿದ್ದನ್ನು ನೋಡಿಯೇ ರೈತರು ಡಾಕ್ಟರ್ ಬಂದರೆಂದು ತಿಳಿಯುತ್ತಿದ್ದರು.

ಕೀಲಿಯಂತೂ ತಿರುಗಿ ತಿರುಗಿ ಹಲ್ಲು ಸವೆದು ಮುದುಕನ ಒಸಡಿನಂತೆ ನುಣ್ಣಗಾಗಿತ್ತು. ಅಂಥ ಕೀಲಿಗೆ ಒಂದು ಗುಣವಿರುತ್ತದೆ, ಅದು ಯಾವ ಗಾಡಿಗೂ ಒಲ್ಲೆನೆನ್ನುವುದಿಲ್ಲ, ಅದರ ಗಾಡಿಯೂ ಯಾವ ಕೀಲಿಗೂ ಒಲ್ಲೆನೆನ್ನುವುದಿಲ್ಲ. ಒಮ್ಮೆ ಹಾನಗಲ್ಲಿನ ಸಂತೆಯಿಂದ ಕಾಕಾ ಅದೇ ಬಣ್ಣದ ಬೇರೆ ಗಾಡಿಯನ್ನು ಹೊಡೆದುಕೊಂಡು ಬಂದಿದ್ದ. ಮೂರು ದಿನ ಗೊತ್ತೇ ಆಗಲಿಲ್ಲ. ಮೂರನೆಯ ದಿನ ನನ್ನ ಮುಂದೆ ಚಿಂತೆಯಿಂದ ಹೇಳಿದ, "ಮಾಸ್ತರ, ಗಾಡಿಗೆ ಏನೋ ಆಗೈತ್ರಿ. ಬ್ರೇಕ್ ಹಾಕಿದಲ್ಲೇ ನಿಲ್ಲಾಕತ್ತೈತಿ." ಅದೇ ಹೊತ್ತಿಗೆ ಹಿರೇಕೆರೂರಿನ ಒಬ್ಬ ಯಜಮಾನರು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಕಾಕಾನ ಗಾಡಿಯ ಮೇಲೆ ಬಂದಿಳಿದರು. ಜಗಳವಾಗುತ್ತದೆಂದು ಓಣಿ ಕೂಡಿತು. ಇಬ್ಬರೂ ಒಟ್ಟಿಗೆ ಉಂಡು, ಗಾಡಿ ಬದಲಿಸಿಕೊಂಡರು. ಆ ಕಾಲವೇ ಹಾಗಿತ್ತು.

ಇಂಥ ಸಂಸಾರದಲ್ಲಿ ಬಿರುಕು ಬಿಟ್ಟದ್ದು ಶಿಗ್ಗಾಂವಿಯಲ್ಲಿ. ಕಾಕಾನ ಹೆಂಡತಿ ಸರೋಜವ್ವ ಕಾಕಿಯ ತಂಗಿಯ ಗಂಡ ಮೈಲಾರೆಪ್ಪ ಹೊಸ ಮನೆಯ ಗೃಹಪ್ರವೇಶ ಮಾಡಿದ. ಷಡ್ಡಕರ ಸಂಬಂಧ ಎಂಥದೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಒಬ್ಬನ ಮನೆಗೆ ಹೊಸ ಕುರ್ಚಿ ಬಂದರೆ ಇನ್ನೊಬ್ಬನಿಗೆ ಸೊಂಟ ನೋಯುತ್ತದೆ. ಊಟವಾದ ಮೇಲೆ ಮೈಲಾರೆಪ್ಪ ತನ್ನ ಕಾರಿನ ರಿಮೋಟು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಗುಂಡಿ ಒತ್ತಿದ. 'ಟಕ್' ಎಂದು ರಿಮೋಟಿನ ಹೊಟ್ಟೆಯಿಂದ ಕೀಲಿ ಹೊರಗೆ ಚಿಮ್ಮಿತು. ಮಡಚಿದ. ಮತ್ತೆ ಟಕ್.

"ಭಾವಾ, ನಿನ್ನ ಗಾಡಿದು ತೋರ್ಸು?" ಎಂದ.

ಕಾಕಾ ಕಿಸೆಯಿಂದ ಲಾಡಿ ಕಟ್ಟಿದ ತನ್ನ ಕೀಲಿ ತೆಗೆದ.

"ಇದು ಕೀಲಿನೋ, ಕಿವಿ ಕೆರ್ಕೊಳ್ಳೋ ಕಡ್ಡಿನೋ?"

ಮಂದಿ ನಕ್ಕರು. ಸರೋಜವ್ವ ಕಾಕಿಯೂ ನಕ್ಕಳು. ಅದೇ ತಪ್ಪಾಯಿತು.

ಮರುದಿನ ಕಾಕಾ ನನ್ನನ್ನು ಹಿಂದೆ ಕೂಡಿಸಿಕೊಂಡು ಹಾನಗಲ್ಲಿಗೆ ಹೋದ. ಒಂದು ಅಂಗಡಿಯಲ್ಲಿ ಸೀಟಿನ ಕೆಳಗೆ ಅಲಾರಾಂ ಹಾಕಿಸಿದ. ನಾಲ್ಕು ಗುಂಡಿಯ ರಿಮೋಟು ಕೊಟ್ಟರು. ಅಲಾರಾಂ ಹಚ್ಚಿಟ್ಟ ಮೇಲೆ ಗಾಡಿಯನ್ನು ಯಾರು ಮುಟ್ಟಿದರೂ ಅದು ಊರು ಕೇಳುವ ಹಾಗೆ ಒದರುತ್ತದೆ. ಕಾಕಾನಿಗೆ ಅಷ್ಟು ಸಾಲದು. ರಿಮೋಟು ಒಂದು ಕೈಯಲ್ಲಿ, ಕೀಲಿ ಒಂದು ಕೈಯಲ್ಲಿ ಇದ್ದರೆ ಅದೇನು ಮರ್ಯಾದೆ? ಬಸ್ ಸ್ಟ್ಯಾಂಡ್ ಎದುರಿನ ಕಟ್ಟೆಯ ಮೇಲೆ ಕುಳಿತು ಕೀಲಿ ಮಾಡಿಕೊಡುವ ಸಿರಾಜುದ್ದೀನನ ಮುಂದೆ ಎರಡನ್ನೂ ಇಟ್ಟು, "ಇದನ್ನ ಇದರ ಹೊಟ್ಟ್ಯಾಗ ಕೂಡ್ಸು. ಟಕ್ ಅನಬೇಕು" ಎಂದ.

ಸಿರಾಜುದ್ದೀನ ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಡಾಕ್ಟ್ರ, ಇದು ನನಗಿಂತ ಮುದುಕ ಆಗೇತಿ. ಇದರ ತಲಿ ಕೊಯ್ಬೇಕು, ಕುತ್ತಿಗಿ ಸಣ್ಣ ಮಾಡ್ಬೇಕು, ತೂತು ಹೊಡೀಬೇಕು. ತಡ್ಯಾಂಗಿಲ್ರಿ."

"ತಡೀತೈತಿ. ಹಳೇ ಕಾಲದ ಕಬ್ಬಿಣ."

"ಇನ್ನೊಂದ್ ಮಾತ್ರಿ. ಕೀಲಿ ತಿರುವೋ ಮುಂದ ನಿಮ್ಮ ಹೆಬ್ಬೆಟ್ಟು ಬರೊಬ್ಬರಿ ಗುಂಡಿ ಮ್ಯಾಲೇ ಬರ್ತೈತಿ. ನೀವು ಗಾಡಿ ಚಾಲೂ ಮಾಡಾಕ ಹೋದ್ರ ಅದು ಒದರ್ತೈತಿ."

"ಸಿರಾಜುದ್ದೀನ, ನಾ ಎಂಥೆಂಥಾ ಎಮ್ಮಿ ಪಳಗಿಸೇನಿ. ಇದೇನು?"

ಸಿರಾಜುದ್ದೀನ ಮಾತು ಬಿಟ್ಟು ಕೆಲಸ ಹಿಡಿದ. ಕೀಲಿಯ ಪ್ಲಾಸ್ಟಿಕ್ ತಲೆಯನ್ನು ಕಾಯಿಸಿ ಒಡೆದ. ಕುತ್ತಿಗೆಯನ್ನು ಅರದಿಂದ ತಿಕ್ಕಿ, ಸೂಜಿ ಗಾತ್ರದ ತೂತು ಕೊರೆದ. ರಿಮೋಟನ್ನು ಎರಡು ಹೋಳು ಮಾಡಿ, ಒಳಗಿನ ಹಸಿರು ಹಲಗೆಯನ್ನು ಒಂದು ಬದಿಗೆ ಸರಿಸಿ, ಸ್ಪ್ರಿಂಗು ಕೂಡಿಸಿ, ಪಿನ್ನು ಬಡಿದು ಮುಚ್ಚಿದ. ಕಾಕಾ ಗುಂಡಿ ಒತ್ತಿದ. ಟಕ್! ಅವನ ಮುಖದ ಮೇಲೆ ಕಂಡ ಆನಂದ, ಎಮ್ಮೆ ಹೆಣ್ಣುಗರ ಹಾಕಿದಾಗ ರೈತನ ಮುಖದ ಮೇಲೆ ಕಾಣುತ್ತದಲ್ಲ, ಅದು. ಹಾನಗಲ್ಲಿನಿಂದ ಆಡೂರಿಗೆ ಬರುವುದರೊಳಗೆ ಗಾಡಿಯನ್ನು ನಾಲ್ಕು ಕಡೆ ನಿಲ್ಲಿಸಿ, ಕೀಲಿ ಹೊರಗೆ ತೆಗೆದು, ಟಕ್ ಟಕ್ ಅನ್ನಿಸಿ, ಮತ್ತೆ ಹೊರಟ. ನಾಲ್ಕು ಕಡೆಯೂ ಸೈರನ್ ಹೊಡೆಯಿತು. ಎರಡು ಕಡೆ ಕಬ್ಬಿನ ಟ್ರ್ಯಾಕ್ಟರಿನವರು ಅಂಬ್ಯುಲೆನ್ಸ್ ಎಂದು ಬದಿಗೆ ಸರಿದು ದಾರಿ ಕೊಟ್ಟರು. ಕಾಕಾ ಅವರಿಗೆ ಕೈ ಎತ್ತಿ ನಮಸ್ಕಾರ ಮಾಡಿದ.

ಮನೆ ಮುಂದೆ ಗಾಡಿ ನಿಲ್ಲಿಸಿ ಅಲಾರಾಂ ಹಚ್ಚಿದ. 'ಪೀಂಕ್' ಎಂದಿತು.

ಸರೋಜವ್ವ ಕಾಕಿ ಹೊರಗೆ ಬಂದು, "ಅದಕ್ಕ ಬಿಕ್ಕಳಿಕಿ ಹತ್ತೈತೇನ್ರಿ? ನೀರು ಕುಡಸ್ರಿ" ಎಂದಳು.

ಮರುದಿನ ಮುಂಜಾನೆ ಎದುರುಮನೆಯ ಹಾಲವ್ವಾಯಿ ಎಂದಿನಂತೆ ಮಜ್ಜಿಗೆ ತಂಬಿಗೆ ಹಿಡಿದು ಬಂದಳು. ಎಪ್ಪತ್ತೈದರ ಮುದುಕಿ. ಕಾಕಾನ ಮನೆಯ ಕಟ್ಟೆ ಎತ್ತರ. ಆಕೆ ಗಾಡಿಯ ಸೀಟಿನ ಮೇಲೆ ಕೈ ಊರಿ ಹತ್ತುವುದು ರೂಢಿ. ಕೈ ಊರಿದಳು. ಗಾಡಿ ಮೊದಲು ಅಂಬ್ಯುಲೆನ್ಸಿನಂತೆ, ಆಮೇಲೆ ಪೊಲೀಸ್ ಜೀಪಿನಂತೆ, ಆಮೇಲೆ ಯಾವುದೋ ಹಕ್ಕಿಯಂತೆ ಏಳು ರಾಗದಲ್ಲಿ ಕಿರುಚಿತು. ತಂಬಿಗೆ ಉರುಳಿತು. ಓಣಿಯೆಲ್ಲ ಹೊರಗೆ ಬಂತು. ಕಾಕಾ ಒಳಗಿಂದ ಓಡಿ ಬಂದವನು ಗಡಿಬಿಡಿಯಲ್ಲಿ ಅಲಾರಾಂ ಅಂಗಡಿಯವನು ಹೇಳಿಕೊಟ್ಟಿದ್ದ ಮಾತನ್ನೇ ಆಡಿಬಿಟ್ಟ: "ಕಳ್ಳರು ಮುಟ್ಟಿದ್ರ ಒದರ್ತೈತ್ರಿ!"

ಹಾಲವ್ವಾಯಿ ನೆಲದ ಮೇಲಿನ ಮಜ್ಜಿಗೆಯನ್ನೂ ಕಾಕಾನನ್ನೂ ಒಮ್ಮೆ ನೋಡಿದಳು. "ನಾ ಕಳ್ಳಿ ಆದ್ನೇನೋ ಉಳಿವ್ಯಾ? ನಿನ್ನ ಗಾಡಿ ಬಂದಾಗ ಅದಕ್ಕ ಮೊದಲ ಆರತಿ ಮಾಡಿದಾಕಿ ನಾ. ಕುಂದರು ನಿನ್ನ ಗಾಡಿ ಕಟ್ಕೊಂಡು" ಎಂದು ತಂಬಿಗೆ ಎತ್ತಿಕೊಂಡು ಹೋದಳು. ಕಾಕಾ ಹಿಂದೆ ಹೋಗಿ ಎಷ್ಟು ಕರೆದರೂ ಬಾಗಿಲು ತೆರೆಯಲಿಲ್ಲ. ಅಂದಿನಿಂದ ಓಣಿಯ ಮಂದಿ ಆ ಗಾಡಿಯಿಂದ ನಾಲ್ಕು ಮೊಳ ದೂರ ಸುತ್ತುಹಾಕಿ ನಡೆಯತೊಡಗಿದರು. ಹಾನಗಲ್ಲಿಗೆ ಹೋಗುವವರು ಬಸ್ ಹಿಡಿದರು. ಮೊಳೆಯ ಮೇಲೆ ಕೀಲಿಯಿಲ್ಲ, ಬಾಗಿಲಲ್ಲಿ ಕೂಗುವವರಿಲ್ಲ. ಕಾಕಾ ಕಟ್ಟೆಯ ಮೇಲೆ ಒಬ್ಬನೇ ಕುಳಿತು ಟಕ್ ಟಕ್ ಮಾಡುತ್ತಿದ್ದ. ಸದ್ದು ಮೊದಲಿನ ಉತ್ಸಾಹದಲ್ಲಿ ಕೇಳಿಸುತ್ತಿರಲಿಲ್ಲ.

ಹಾಗೆ ಅತಿಯಾಗಿ ಟಕ್ ಮಾಡಿದ್ದಕ್ಕೆ ಪಿನ್ನು ಸಡಿಲಾಯಿತು. ಗುಡಿಯ ಹತ್ತಿರ ಹೋಗುತ್ತಿದ್ದಾಗ ಸ್ಪ್ರಿಂಗು ಹಾರಿ, ಹಳೆಯ ಶಾಸನದ ಕಲ್ಲಿನ ಬುಡದ ಹುಲ್ಲಿನಲ್ಲಿ ಬಿತ್ತು. ಕಾಕಾ ಅರ್ಧ ತಾಸು ಮೊಣಕಾಲೂರಿ, ಬೆರಳಿನಿಂದ ಮಣ್ಣು ಕೆದರಿ, ಕೊನೆಗೆ ಅದನ್ನು ಹುಡುಕಿ, ಊದಿ, ಕಿಸೆಗೆ ಹಾಕಿಕೊಂಡು, ಅತ್ತಿತ್ತ ನೋಡಿ ಮನೆಗೆ ಬಂದು, ಹೇಗೋ ಮತ್ತೆ ರಿಮೋಟಿನಲ್ಲಿ ಕೂಡಿಸಿದ. ಅತ್ತಿತ್ತ ನೋಡಿದ್ದು ನಾಚಿಕೆಗೆ. ಆದರೆ ಚಾದಂಗಡಿಯಲ್ಲಿ ಕುಳಿತವರಿಗೆ ಅದು ನಾಚಿಕೆಯಾಗಿ ಕಾಣಲಿಲ್ಲ.

"ಅಲ್ರೀ, ಆ ಗಾಡಿ ರಸ್ತೇದಾಗ ಒಗದ್ರೂ ಯಾರೂ ಮೂಸಂಗಿಲ್ಲ. ಅದಕ್ಕ ಅಲಾರಾಂ ಯಾಕ ಬೇಕು?"

"ಶಾಸನದ ಕಲ್ಲಿನ ಬುಡಕ ಏನೋ ತಕ್ಕೊಂಡು ಕಿಸೇಕ ಹಾಕ್ಕೊಂಡದ್ದು ನಾ ನೋಡೇನಿ. ಹೊಳಿಯಾಕತ್ತಿತ್ತು."

"ಗಾಡಿಗೆ ಬಗಲ ಡಬ್ಬಿ ಐತಿ ನೋಡ್ರಿ. ಅದನ್ನ ಇಪ್ಪತ್ತು ವರ್ಷದಾಗ ತಗದದ್ದು ಯಾರರ ನೋಡೀರೇನು?"

ಯಾರೂ ನೋಡಿರಲಿಲ್ಲ. ಬೆಳಿಗ್ಗೆ ಒಂದು ಗಿಂಡಿ ನಿಧಿ ಇದ್ದದ್ದು ಮಧ್ಯಾಹ್ನಕ್ಕೆ ಕೊಪ್ಪರಿಗೆಯಾಯಿತು. ಸಂಜೆಗೆ ಚಾಲುಕ್ಯರ ರಾಣಿಯೊಬ್ಬಳ ಡಾಬು ಅದರಲ್ಲಿ ಸೇರಿತು. ಆ ಡಬ್ಬಿಯಲ್ಲಿ ಎರಡು ಸೇರು ಜೋಳ ಹಿಡಿಯುವುದೂ ಕಷ್ಟ ಎಂದು ನಾನು ಹೇಳಿದೆ. "ಮಾಸ್ತರು ಕಾಕಾನ ಕಡಿ ಅದಾರ, ಅವರಿಗೂ ಪಾಲೈತಿ" ಎಂದರು.

ಎರಡನೆಯ ದಿನಕ್ಕೆ ಸುದ್ದಿ ಶಿಗ್ಗಾಂವಿ ಮುಟ್ಟಿತು. ಮೈಲಾರೆಪ್ಪ ಕಾರಿನಲ್ಲಿ ಬಂದ. ಕೈಯಲ್ಲಿ ಸವಣೂರಿನ ಖಾರದ ತಿಂಡಿಯ ಪೊಟ್ಟಣ, ಬಾಯಲ್ಲಿ ಎಂದೂ ಇಲ್ಲದ ಪ್ರೀತಿ. ತನ್ನ ರಿಮೋಟು ಕೀಲಿಯನ್ನು ನೋಡಲು ಷಡ್ಡಕ ಬಂದನೆಂದು ಕಾಕಾನ ಎದೆ ಉಬ್ಬಿತು. ನಾನು ಪಕ್ಕದಲ್ಲೇ ಕುಳಿತಿದ್ದೆ. ಇಬ್ಬರ ಮಾತು ನಡೆದದ್ದು ಹೀಗೆ:

"ಭಾವಾ, ಸುದ್ದಿ ಕೇಳೇನಿ. ಮುಚ್ಚಿಡಬ್ಯಾಡ."

"ಮುಚ್ಚಿಡೋದೇನೈತಿ? ನಿನ್ನಂಗ ನನಗೂ ಒಂದಿರಲಿ ಅಂದೆ."

"ಎಲ್ಲಿ ಸಿಕ್ತು?"

"ಹಾನಗಲ್ಲಾಗ. ಬಸ್ ಸ್ಟ್ಯಾಂಡ್ ಎದುರಿಗೆ."

"ಬಸ್ ಸ್ಟ್ಯಾಂಡ್ ಎದುರಿಗೆ! ಎಷ್ಟು ಆಳದಾಗ?"

"ಆಳ ಎಲ್ಲೀದು, ಕಟ್ಟಿ ಮ್ಯಾಲೇ ಕುಂತಿರ್ತಾನ."

"ಯಾರು?"

"ಸಿರಾಜುದ್ದೀನ."

"ಅಯ್ಯಽ, ಅವಂಗೂ ಗೊತ್ತೈತಾ?"

"ಅವನಽ ಅಲ್ಲೇನು ಕೊರದು ಕೊಟ್ಟಾಂವ? ಬ್ಯಾಡ ಬ್ಯಾಡ ಅಂದ. ನಾ ಕೇಳಲಿಲ್ಲ. ಹಳೇ ಕಾಲದ್ದು, ತಡೀತೈತಿ ಅಂದೆ."

"ಹಳೇ ಕಾಲದ್ದು..." ಮೈಲಾರೆಪ್ಪ ಉಗುಳು ನುಂಗಿದ. "ಈಗ ಎಲ್ಲೈತಿ?"

"ಹೊಟ್ಟ್ಯಾಗ ಐತಿ" ಎಂದು ಕಾಕಾ ತನ್ನ ಕಿಸೆ ಮುಟ್ಟಿಕೊಂಡ. ಕಿಸೆ ಅವನ ಹೊಟ್ಟೆಯ ಮೇಲೆಯೇ ಇತ್ತು.

"ನುಂಗೀಯಾ?!"

ಮೈಲಾರೆಪ್ಪ ಗಾಬರಿಯಿಂದ ಎದ್ದು ನಿಂತ. ಅಷ್ಟರಲ್ಲಿ ಬಾಗಿಲಲ್ಲಿ ಕಾನ್‌ಸ್ಟೇಬಲ್ ಹಾಲೇಶ, ಅವನ ಹಿಂದೆ ನಮ್ಮ ಊರ ಕಂದಾಯದ ಲೆಕ್ಕ ನೋಡುವ ತಲಾಟಿ ನೀಲಾಂಬಿಕಾ ಮೇಡಂ, ಅವರ ಹಿಂದೆ ಇಡೀ ಊರು ಕಾಣಿಸಿತು.

ಹಾಲೇಶ ಗಂಟಲು ಸರಿಮಾಡಿಕೊಂಡ. "ಡಾಕ್ಟ್ರ, ಮಂದಿ ಏನೋ ಅನ್ನಾಕತ್ತಾರ. ಬಂದು ನೋಡೋದು ನಮ್ಮ ಕರ್ತವ್ಯ. ನೆಲದಾಗ ಸಿಕ್ಕದ್ದು ಸರ್ಕಾರದ್ದು ಆಗ್ತೈತ್ರಿ."

"ನೆಲದಾಗ ಸಿಕ್ಕದ್ದು ಹೌದು, ಆದ್ರ ನಂದಽ" ಎಂದು ಕಾಕಾ ಸ್ಪ್ರಿಂಗಿನ ನೆನಪಿನಲ್ಲಿ ಹೇಳಿಬಿಟ್ಟ. ಮಂದಿಯೊಳಗಿಂದ 'ಹಾಽ' ಎಂಬ ಉಸಿರು ಎದ್ದಿತು. ಮೇಡಂ ಕಾಗದ ತೆಗೆದು, "ಒಪ್ಪಿಕೊಂಡರು" ಎಂದು ಬರೆದುಕೊಂಡರು.

ಡಬ್ಬಿ ತೆಗೆಯಿರಿ ಎಂದಾಯಿತು. ಆಗ ಕಾಕಾನಿಗೆ ವಿಷಯ ತಿಳಿಯಿತು. ಸರೋಜವ್ವ ಕಾಕಿ ಸೆರಗು ಬಿಗಿದು ಮುಂದೆ ಬಂದಳು. "ಮೂವತ್ತೈದು ವರ್ಷ ನೌಕರಿ ಮಾಡ್ಯಾರ. ಒಂದು ಸೂಜಿ ಮನೀಗೆ ತಂದಿಲ್ಲ. ಇವತ್ತು ಊರು ಕೂಡಿ ಇವರನ್ನ ಕಳ್ಳ ಮಾಡ್ತೀರೇನು?" ಎಂದು ಕೇಳಿದಳು. ಕಾಕಾ ಬೆಳ್ಳಗಾಗಿದ್ದ. ನಿನ್ನೆ ಮೊನ್ನೆಯವರೆಗೆ ಅವನನ್ನು ಯಾರೂ ಹಾಗೆ ಕಣ್ಣು ಕಿರಿದು ಮಾಡಿ ನೋಡಿರಲಿಲ್ಲ.

ಬಗಲ ಡಬ್ಬಿಗೂ ಅದೇ ಕೀಲಿ. ಕಾಕಾ ಟಕ್ ಅನ್ನಿಸಿ ತೂತಿಗೆ ಹಾಕಿದ. ತಿರುವಿದ. ಹೆಬ್ಬೆಟ್ಟು ಗುಂಡಿಯ ಮೇಲೆ ಬಂತು, ಸೈರನ್ ಶುರುವಾಯಿತು. ಜಂಗು ಹಿಡಿದ ಬೀಗ ಅಲುಗಲಿಲ್ಲ. ಜೋರು ಹಾಕಿದರೆ ಕೀಲಿ ಬುಡದಲ್ಲಿ ಮಡಚಿ, ವಿನಯವಂತ ಬೀಗರಂತೆ ಬಾಗಿತು. ಎರಡೂ ಕೈಯಿಂದ ಹಿಡಿದು ಮತ್ತೆ ತಿರುವಿದ. ಚಟ್! ಪಿನ್ನು ಒಂದು ಕಡೆ, ರಿಮೋಟಿನ ಎರಡು ಹೋಳು ಎರಡು ಕಡೆ. ಸ್ಪ್ರಿಂಗು ಹಾರಿ ಹಾಲೇಶನ ಟೋಪಿಯ ಮೇಲೆ ಕುಳಿತಿತು. ಕೀಲಿಯ ತುಂಡು ಬೀಗದಲ್ಲೇ ಉಳಿಯಿತು. ಸೈರನ್ ನಿಲ್ಲಿಸಲು ಗುಂಡಿಯೇ ಇಲ್ಲ.

ಸಿರಾಜುದ್ದೀನನಿಗೆ ಫೋನು ಹೋಯಿತು. ಅವನು ಬಸ್ಸಿನಲ್ಲಿ ಬರಬೇಕು. ತಂತಿ ಕಿತ್ತುಹಾಕೋಣವೆಂದರೆ ಮೇಡಂ ಒಪ್ಪಲಿಲ್ಲ. ಪಂಚನಾಮೆ ಮುಗಿಯುವ ತನಕ ಗಾಡಿಯನ್ನು ಮುಟ್ಟುವಂತಿಲ್ಲ. ಹೀಗಾಗಿ ಮುಕ್ಕಾಲು ತಾಸು ಆಡೂರು ಸೈರನ್ ಕೇಳಿತು. ಮೇಡಂ ಕೂಗಿ ಕೂಗಿ ಬರೆಸಿಕೊಂಡರು. "ತಂದೆಯ ಹೆಸರು?" "ಬಸಪ್ಪ!" "ಏನು?" "ಬಸ್ ಬಂತಾ ಅಂತ ಕೇಳಾಕತ್ತಾರ!" ಎಂದು ಹಿಂದಿನವರು. ಕೊನೆಗೆ ಹಳೆಯ ಬ್ಯಾಟರಿ ಸೋತಿತು. ಸೈರನ್ನಿನ ದನಿ ಇಳಿದು, ಮುಪ್ಪಿನ ಹಾಡುಗಾರನ ಹಾಗೆ ಒಮ್ಮೆ ನರಳಿ, ನಿಂತಿತು. ಆ ಮೌನದೊಳಗೆ ಸಿರಾಜುದ್ದೀನ ಬಂದಿಳಿದ. ಬೀಗಕ್ಕೆ ಎರಡು ಹನಿ ಎಣ್ಣೆ ಬಿಟ್ಟು, ಇಕ್ಕಳದಿಂದ ತುಂಡನ್ನು ಹಿಡಿದು ಮೆಲ್ಲಗೆ ತಿರುವಿದ.

ಡಬ್ಬಿ ತೆರೆಯಿತು.

ಒಳಗೆ ಕಾಗದಗಳಿದ್ದವು. ಒತ್ತೊತ್ತಾಗಿ ತುರುಕಿದ ಚೀಟಿಗಳು: ರೂಲು ಹೊಡೆದ ಹಾಳೆ, ಬೀಡಿ ಕಟ್ಟಿನ ಕಾಗದ, ಲಗ್ನಪತ್ರಿಕೆಯ ಬೆನ್ನು. ಊರಿಗೆ ಮೊಬೈಲ್ ಬರುವ ಮೊದಲು ಎಮ್ಮೆಗೆ ಜಡ್ಡಾದರೆ ರೈತರು ಯಾರ ಕೈಯಲ್ಲೋ ಚೀಟಿ ಕೊಟ್ಟು ಕಳಿಸುತ್ತಿದ್ದರು. ಕಾಕಾ ಹೋಗಿ ಬಂದ ಮೇಲೆ ಚೀಟಿಯನ್ನು ಒಗೆಯಲು ಮನಸ್ಸಾಗದೆ ಡಬ್ಬಿಗೆ ತುರುಕುತ್ತಿದ್ದ. ಮೊಬೈಲ್ ಬಂತು, ಡಬ್ಬಿಗೆ ಜಂಗು ಹಿಡಿಯಿತು.

"ಓದ್ರಿ. ದಾಖಲೆ ಆಗಬೇಕು" ಎಂದರು ಮೇಡಂ.

ಹಾಲೇಶ ಒಂದನ್ನು ಬಿಡಿಸಿ ಗಟ್ಟಿಯಾಗಿ ಓದಿದ. "ಡಾಕ್ಟರಿಗೆ ಶರಣು. ನಮ್ಮ ಗೌರಿ ಮೇವು ಮೂಸವಲ್ಲದು. ಅದು ತಿನ್ನದ್ದಕ್ಕ ನಮ್ಮವ್ವನೂ ಊಟ ಬಿಟ್ಟಾಳ. ಇಬ್ಬರೂ ಕುಂತಾರ. ಲಗೂ ಬರ್ರಿ."

"ಅದು ನಮ್ಮಪ್ಪನ ಅಕ್ಷರ!" ಎಂದು ಚಾದಂಗಡಿಯವನು ಮುಂದೆ ನುಗ್ಗಿದ. ಕೊಪ್ಪರಿಗೆಯ ಸುದ್ದಿಯನ್ನು ಅತಿ ಹೆಚ್ಚು ಹಬ್ಬಿಸಿದವನು ಅವನೇ. ಅವನ ಅಪ್ಪ ತೀರಿಕೊಂಡು ಹನ್ನೆರಡು ವರ್ಷ. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ.

ಹಾಲೇಶ ಇನ್ನೊಂದು ಓದಿದ. ಮತ್ತೊಂದು. ಸತ್ತ ಯಜಮಾನರು, ಸತ್ತ ಎಮ್ಮೆಗಳು ಒಬ್ಬೊಬ್ಬರಾಗಿ ಓಣಿಗೆ ಬಂದು ನಿಂತ ಹಾಗಾಯಿತು. ಆಮೇಲೆ ಅವನು ಓದಿದ್ದು: "ಹಾಲವ್ವನ ಎಮ್ಮಿ ಈಯಾಕತ್ತೈತಿ. ಎಮ್ಮಿಗಿಂತ ಹಾಲವ್ವನ ಒದರಾಟ ಜಾಸ್ತಿ ಆಗೇತಿ. ಇಬ್ಬರಿಗೂ ಔಷಧ ತರ್ರಿ. ಇಂತಿ, ಹಾಲವ್ವನ ಗಂಡ."

ಮಂದಿ ಹೊಟ್ಟೆ ಹಿಡಿದು ನಕ್ಕರು. ಎದುರುಮನೆಯ ಬಾಗಿಲು ತೆರೆಯಿತು. ಹಾಲವ್ವಾಯಿ ಮೆಲ್ಲಗೆ ಬಂದು, ಓದು ಬಾರದ ಆಕೆ, ಚೀಟಿಯನ್ನು ಹಾಲೇಶನ ಕೈಯಿಂದ ತೆಗೆದುಕೊಂಡು ತಿರುವಿ ಮುರುವಿ ನೋಡಿದಳು. "ಸುಳ್ಳ ಹೇಳ್ಯಾನ. ನಾ ಒದರಿದ್ದಿಲ್ಲ" ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಂದ್ಸಲ ಓದಪಾ" ಎಂದಳು.

ನೀಲಾಂಬಿಕಾ ಮೇಡಂ ಪಂಚನಾಮೆಯಲ್ಲಿ "ಎಮ್ಮೆ ಸಂಬಂಧಿತ ಹಳೆಯ ಕಾಗದಪತ್ರಗಳು" ಎಂದು ಬರೆದು ಸಹಿ ಹಾಕಿದರು. ಮೈಲಾರೆಪ್ಪ ಖಾರದ ಪೊಟ್ಟಣವನ್ನು ವಾಪಸ್ಸು ಒಯ್ಯಲು ನೋಡಿದ. ಸರೋಜವ್ವ ಕಾಕಿ ಅಷ್ಟರಲ್ಲಿ ಅದನ್ನು ಬಿಚ್ಚಿ ಎಲ್ಲರಿಗೂ ಹಂಚಿದ್ದಳು. ಸಿರಾಜುದ್ದೀನ ಅಲಾರಾಂ ಬಿಚ್ಚಿ ತೆಗೆದು, ಕಟ್ಟೆಯ ಮೇಲೇ ಕುಳಿತು ಒಂದು ಸಾದಾ ಕೀಲಿ ಕಡೆದು ಕೊಟ್ಟ.

ಎಲ್ಲರೂ ತಮ್ಮ ತಮ್ಮ ಮನೆಯ ಚೀಟಿ ಆರಿಸಿಕೊಂಡು ಹೋದರು. ಡಬ್ಬಿಯ ಬಾಯಲ್ಲೇ ಇದ್ದ ಒಂದು ಉಳಿಯಿತು. ಕಾಕಾ ಓದಿದ, ಮತ್ತೆ ಓದಿದ, ನನ್ನ ಕೈಗೆ ಕೊಟ್ಟ. "ಎಮ್ಮಿ ಬಿದ್ದೈತಿ, ಏಳವಲ್ಲದು. ದಯಮಾಡಿ ಇವತ್ತಽ ಬರ್ರಿ. ಚಂದ್ರಪ್ಪ, ಹತ್ತಿಮತ್ತೂರು." ತಾರೀಖು 2004ರದು.

"ಇದಕ್ಕ ನಾ ಹೋಗಿಲ್ಲ ಮಾಸ್ತರ" ಎಂದ. ಆ ವರ್ಷ ಅವನನ್ನು ಆರು ತಿಂಗಳು ಹತ್ತಿಮತ್ತೂರಿಗೆ ಹಾಕಿದ್ದರಂತೆ. ಅಲ್ಲಿಂದ ಬಿಟ್ಟು ಹೊರಡುವ ದಿನ ಯಾರೋ ಈ ಚೀಟಿ ಕೊಟ್ಟರು. ಗಡಿಬಿಡಿಯಲ್ಲಿ ಡಬ್ಬಿಗೆ ಹಾಕಿ, ಮರೆತು, ಊರಿಗೆ ಬಂದುಬಿಟ್ಟ. "ಆ ಮನುಷ್ಯ ದಾರಿ ನೋಡಿರ್ತಾನ."

ಆ ರಾತ್ರಿ ಕಾಕಾ ಉಣ್ಣಲಿಲ್ಲವೆಂದು ಕಾಕಿ ಹೇಳಿದಳು. ಮುಂಜಾನೆ ನನ್ನನ್ನು ಹಿಂದೆ ಕೂಡಿಸಿಕೊಂಡು ಹತ್ತಿಮತ್ತೂರಿಗೆ ಹೊರಟ. ಇಪ್ಪತ್ತೊಂದು ವರ್ಷ ತಡವಾಗಿ ಕರೆಗೆ ಹೋದ ಡಾಕ್ಟರ್ ಬೇರೆ ಯಾವ ಇಲಾಖೆಯಲ್ಲೂ ಇರಲಾರ.

ಚಂದ್ರಪ್ಪ ಎಪ್ಪತ್ತು ದಾಟಿದವರು, ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಕಾಕಾ ಚೀಟಿಯನ್ನು ಅವರ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಂತ. ಅವರು ಅದನ್ನು ದೂರ ಹಿಡಿದು ಓದಿದರು.

"ಹೌದ್ರಿ, ನಮ್ಮದಽ ಚೀಟಿ. ಈಗ ಬಂದ್ರ್ಯಾ? ಕುಂದರ್ರಿ."

"ತಪ್ಪಾತ್ರಿ ಚಂದ್ರಪ್ಪನವರ. ಎಮ್ಮಿ... ಅವತ್ತಽ ಹೋತೇನ್ರಿ?"

"ಎಲ್ಲಿಗೆ ಹೋಗ್ತೈತ್ರಿ? ಸಂಜೀತನಕ ನಿಮ್ಮ ದಾರಿ ನೋಡ್ತು. ಬ್ಯಾಸತ್ತು ಮರುದಿನ ಮುಂಜಾನೆ ತಾನಽ ಎದ್ದು ನಿಂತ್ತು. ಆಮ್ಯಾಲೆ ಐದು ಸಲ ಈತು."

ಕಾಕಾ ಅಲ್ಲೇ ಕಟ್ಟೆಯ ಮೇಲೆ ಕುಳಿತ. "ಐದಾ?" ಎಂದ. ಕಣ್ಣಲ್ಲಿ ನೀರಿತ್ತು.

"ಐದು. ನಾಲ್ಕು ಹೆಣ್ಣುಗರ. ಬರ್ರಿ, ಅದರ ಮೊಮ್ಮಗಳು ಕೊಟಗ್ಯಾಗ ಐತಿ, ತೋರಸ್ತೇನಿ."

ಕಾಕಾ ಅಂಗಿಯ ತೋಳು ಮಡಚಿ ಕೊಟ್ಟಿಗೆಗೆ ಹೋದ. ಆ ಎಮ್ಮೆಯ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತ. "ಆರು ತಿಂಗಳು. ಚಲೋ ಐತಿ" ಎಂದ. ಒಳಗಿನಿಂದ ಚಂದ್ರಪ್ಪನವರ ಹೆಂಡತಿ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಉಂಡೇ ಹೋಗಬೇಕೆಂದು ಅಪ್ಪಣೆಯಾಗಿತ್ತು.

ಕೈ ತೊಳೆಯುತ್ತಾ ಕಾಕಾ ಹೇಳಿದ, "ಚಂದ್ರಪ್ಪನವರ, ಈಯೋ ಮುಂದ ಒಂದು ಫೋನ್ ಮಾಡ್ರಿ. ಈ ಸಲ ಲಗೂ ಬರ್ತೇನಿ."

ಚಂದ್ರಪ್ಪನವರು ಟವೆಲು ಕೊಟ್ಟರು.

"ಲಗೂ ಬ್ಯಾಡ್ರಿ ಡಾಕ್ಟ್ರ. ಸಾವಕಾಶ ಬರ್ರಿ. ನೀವು ತಡಾ ಮಾಡಿದ್ದು ನಮ್ಮ ಮನೀಗೆ ಒಗ್ಗೇತಿ."